ಲೋ-ಕಾರ್ಬ್ ಊಟ: ಕಡಿಮೆ ಖರ್ಚಿನಲ್ಲಿ ಒಳ್ಳೆಯ ಮಾಂಸ ತಿನ್ನುವುದು ಹೇಗೆ

ಲೋ-ಕಾರ್ಬ್, ಅಂದರೆ ಧಾನ್ಯ, ಸಕ್ಕರೆಯಂಥ ಕಾರ್ಬೋಹೈಡ್ರೇಟ್ (ಕಾರ್ಬ್) ಇಳಿಸಿದ ಊಟ, ಶುರು ಮಾಡಿದ ಮೊದಲ ತಿಂಗಳಲ್ಲೇ ಮಾಂಸದ ಖರ್ಚು ಕೈ ಕಚ್ಚುತ್ತದೆ. ಇದಕ್ಕೆ ಕಾರಣ ಹೆಚ್ಚಾಗಿ ಎರಡೇ. ತಟ್ಟೆಯಿಂದ ಧಾನ್ಯ ತೆಗೆದ ಜಾಗವನ್ನೆಲ್ಲ ಮಾಂಸದಿಂದಲೇ ತುಂಬಲು ಹೋಗುವುದು ಒಂದು. ಆ ಮಾಂಸ ಎಲುಬಿಲ್ಲದ, ಕೊಬ್ಬಿಲ್ಲದ, ಹತ್ತು ನಿಮಿಷಕ್ಕೆ ಬೇಯುವ ತುಂಡೇ ಆಗಿರಬೇಕು ಎಂದು ಹಟ ಹಿಡಿಯುವುದು ಇನ್ನೊಂದು. ದುಬಾರಿ ತುಂಡಿಗೆ ನಾವು ಕೊಡುವ ಹೆಚ್ಚುವರಿ ಹಣದ ಬಹುಪಾಲು ಹೋಗುವುದು ಅದರ ಮೆದುತನಕ್ಕೆ. ಪೋಷಣೆಯ ಲೆಕ್ಕದಲ್ಲಿ ಭುಜ, ಕುತ್ತಿಗೆ, ಮೊಣಕಾಲು, ತೊಡೆ, ಲಿವರ್ ಯಾವುದೂ ಕಡಿಮೆಯಲ್ಲ. ಕೊಬ್ಬೇ ಮುಖ್ಯ ಇಂಧನವಾಗಿರುವ ಈ ಊಟಕ್ಕೆ ಅವೇ ಹೆಚ್ಚು ಒಗ್ಗುತ್ತವೆ. ಅವು ಕೇಳುವುದು ಹೊತ್ತನ್ನು, ಸ್ವಲ್ಪ ಕೈಕೆಲಸವನ್ನು.

ದಿನಕ್ಕೆ ಎಷ್ಟು ಮಾಂಸ ಬೇಕು

ದಿನಕ್ಕೆ 130 ಗ್ರಾಂಗಿಂತ ಕಡಿಮೆ ಕಾರ್ಬ್ ಇದ್ದರೆ ಸಾಮಾನ್ಯವಾಗಿ ಲೋ-ಕಾರ್ಬ್ ಎನ್ನುತ್ತಾರೆ. ಇದರ ಇನ್ನೂ ಕಟ್ಟುನಿಟ್ಟಿನ ರೂಪವಾದ ಕೀಟೋದಲ್ಲಿ ಅದು 20ರಿಂದ 50 ಗ್ರಾಂಗೆ ಇಳಿಯುತ್ತದೆ. ಎರಡರಲ್ಲೂ ಪ್ರೋಟೀನ್ ಪ್ರಮಾಣ ಮಿತವೇ: ದೇಹತೂಕದ ಪ್ರತಿ ಕಿಲೋಗೆ 1.2ರಿಂದ 1.6 ಗ್ರಾಂ ಇಟ್ಟುಕೊಂಡರೆ ಬಹುತೇಕ ವಯಸ್ಕರಿಗೆ ಸಾಕು. 65 ಕಿಲೋ ತೂಗುವವರಿಗೆ ಇದು 78ರಿಂದ 104 ಗ್ರಾಂ. ಮೂರು ಮೊಟ್ಟೆಯಿಂದ 18 ಗ್ರಾಂ, 300 ಗ್ರಾಂ ಹಸಿ ತೊಡೆ ಮಾಂಸದಿಂದ 55ರ ಆಸುಪಾಸು, 50 ಗ್ರಾಂ ಚೀಸ್‌ನಿಂದ 12. ಅಲ್ಲಿಗೆ 85 ಆಯಿತು. ಅಂದರೆ ದಿನಕ್ಕೆ ಎಲುಬು ಬಿಟ್ಟು 300 ಗ್ರಾಂ ಹಸಿ ಮಾಂಸ. ಅರ್ಧ ಕಿಲೋ, ಮುಕ್ಕಾಲು ಕಿಲೋ ಕೊಳ್ಳುತ್ತಿರುವವರು ಮೊದಲು ಇಲ್ಲೇ ಕಡಿಮೆ ಮಾಡಬಹುದು.

ಮಿಕ್ಕ ಶಕ್ತಿ ಕೊಬ್ಬಿನಿಂದ ಬರಬೇಕು. ಚರ್ಮ ತೆಗೆದ ಕೋಳಿ ಎದೆಯ 100 ಗ್ರಾಂನಲ್ಲಿ ಸುಮಾರು 120 ಕ್ಯಾಲೊರಿ ಇದ್ದರೆ, ಚರ್ಮ ಸಮೇತದ ತೊಡೆಯಲ್ಲಿ ಸುಮಾರು 220. ಎದೆ ಮಾಂಸ ತಂದು, ಅದು ಒಣಗದಿರಲಿ ಎಂದು ಬೆಣ್ಣೆ, ಎಣ್ಣೆ ಸುರಿದರೆ ಎರಡೆರಡು ಸಲ ದುಡ್ಡು ಕೊಟ್ಟಂತೆ. ಕೊಬ್ಬಿಲ್ಲದ ಮಾಂಸವನ್ನೇ ಗುಡ್ಡೆ ಹಾಕಿಕೊಂಡು ತಿಂದು, ಕೊಬ್ಬಿಗೂ ಹೆದರುವವರಿಗೆ ಹೊಟ್ಟೆ ಭಾರವಾದರೂ ಹಸಿವು ತೀರುವುದಿಲ್ಲ, ಕೆಲವರಿಗೆ ವಾಕರಿಕೆಯೂ ಬರುತ್ತದೆ.

ಖರ್ಚಿನ ಮಾತಿಗೆ ಮೊದಲು ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಲ್ಫೊನೈಲ್‌ಯೂರಿಯಾ ಗುಂಪಿನ ಮಾತ್ರೆ ತೆಗೆದುಕೊಳ್ಳುವವರು ಕಾರ್ಬ್ ಇಳಿಸಿ ಡೋಸ್ ಹಾಗೇ ಬಿಟ್ಟರೆ ಸಕ್ಕರೆ ಪ್ರಮಾಣ ಅಪಾಯಕ್ಕೆ ಕುಸಿಯಬಹುದು. ‘ಗ್ಲಿಫ್ಲೋಜಿನ್’ ಎಂದು ಕೊನೆಯಾಗುವ ಹೆಸರಿನ ಮಾತ್ರೆಗಳ ಜೊತೆ ಕೀಟೋ ಮಾಡಿದರೆ ಕೀಟೊಆಸಿಡೋಸಿಸ್ (ಕೀಟೋನ್‌ಗಳು ಹೆಚ್ಚಿ ರಕ್ತ ಆಮ್ಲೀಯವಾಗುವುದು) ಅಪಾಯವಿದೆ, ಅದೂ ಸಕ್ಕರೆ ಮಟ್ಟ ಅಷ್ಟೇನೂ ಏರದೆಯೇ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಪ್ರೋಟೀನ್ ಮಿತಿಯೇ ಬೇರೆ. ಈ ಮೂರೂ ಗುಂಪಿನವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಫಲಕದ ಮೇಲಿನ ಬೆಲೆ, ತಟ್ಟೆಯ ಮೇಲಿನ ಬೆಲೆ

ಕಿಲೋ ಬೆಲೆ ನೋಡಿ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಹೋಲಿಸಬೇಕಾದ್ದು ತಿನ್ನಲು ಸಿಗುವ ಪಾಲನ್ನು. ಪುಕ್ಕ, ಕರುಳು, ತಲೆ, ಕಾಲು ತೆಗೆದ ಇಡೀ ಕೋಳಿಯಲ್ಲಿ ಚರ್ಮ ಸೇರಿ ತಿನ್ನಲು ಸಿಗುವುದು ತೂಕದ ಸುಮಾರು ಮೂರನೇ ಎರಡು ಭಾಗ. ಇಡೀ ಕೋಳಿಯ ಕಿಲೋ ಬೆಲೆ 100 ಎಂದಿಟ್ಟುಕೊಂಡರೆ, ಒಂದು ಕಿಲೋ ತಿನ್ನುವ ಮಾಂಸ ಬೀಳುವುದು ಸುಮಾರು 150ಕ್ಕೆ. ಹಾಗಾಗಿ ಬೋನ್‌ಲೆಸ್ ಬೆಲೆ ಇಡೀ ಕೋಳಿಯ ಒಂದೂವರೆ ಪಟ್ಟಿಗಿಂತ ಕಡಿಮೆ ಇದ್ದ ದಿನ ಬೋನ್‌ಲೆಸ್ ಕೊಳ್ಳುವುದೇ ಲಾಭ. ಅದಕ್ಕಿಂತ ಮೇಲಿದ್ದರೆ ಇಡೀ ಕೋಳಿ. ಎಲುಬಿನ ಸಾರು, ಕೊಬ್ಬು ಎರಡೂ ಪುಕ್ಕಟೆ ಬಂದಂತೆ. ಕೋಳಿಯನ್ನು ಜೀವಂತ ತೂಕಕ್ಕೆ ಮಾರುತ್ತಿದ್ದರೆ ಲೆಕ್ಕ ಬದಲಾಗುತ್ತದೆ: ಶುಚಿ ಮಾಡಿದ ಮೇಲೆ ಉಳಿಯುವುದು ಶೇ. 70ರಿಂದ 75, ತಿನ್ನುವ ಮಾಂಸ ಅರ್ಧಕ್ಕೆ ಇಳಿಯುತ್ತದೆ. ಆಗ ಎರಡು ಪಟ್ಟಿನವರೆಗೂ ಬೋನ್‌ಲೆಸ್ ನಷ್ಟವಲ್ಲ.

ಬಿಡಿ ತುಂಡುಗಳಲ್ಲೂ ಹೀಗೇ. ತೊಡೆಯಲ್ಲಿ ಎಲುಬು ಐದನೇ ಒಂದು ಭಾಗ, ಡ್ರಮ್‌ಸ್ಟಿಕ್‌ನಲ್ಲಿ ಮೂರನೇ ಒಂದು, ರೆಕ್ಕೆಯಲ್ಲಿ ಹತ್ತಿರಹತ್ತಿರ ಅರ್ಧ. ಅಗ್ಗ ಎಂದು ರೆಕ್ಕೆ ಕೊಂಡವರು ಎಲುಬಿಗೇ ಹಣ ಸುರಿದಿರುತ್ತಾರೆ. ಪಕ್ಕೆಲುಬಿನ ತುಂಡಿಗೂ ಇದೇ ಮಾತು.

ಇನ್ನೂ ಕರಾರುವಾಕ್ಕಾಗಿ ಬೇಕೆಂದರೆ ಒಂದು ಗ್ರಾಂ ಪ್ರೋಟೀನ್‌ಗೆ ಎಷ್ಟು ಬಿತ್ತು ನೋಡಿ. ಎಲುಬು ಸಹಿತ ತೊಡೆ ಕಿಲೋಗೆ 110 ಎನ್ನೋಣ. ಎಲುಬು ಕಳೆದು 800 ಗ್ರಾಂ, ಚರ್ಮ ಸಮೇತ ಅದರಲ್ಲಿ ಪ್ರೋಟೀನ್ ಶೇ. 17ರಷ್ಟು, ಒಟ್ಟು 136 ಗ್ರಾಂ. ಗ್ರಾಂಗೆ 0.81 ಬಿತ್ತು. ಬೋನ್‌ಲೆಸ್ ಎದೆ ಕಿಲೋಗೆ 200 ಆದರೆ, ಶೇ. 22.5ರ ಲೆಕ್ಕದಲ್ಲಿ 225 ಗ್ರಾಂ ಪ್ರೋಟೀನ್, ಗ್ರಾಂಗೆ 0.89. ವ್ಯತ್ಯಾಸ ಅಂದುಕೊಂಡಷ್ಟಿಲ್ಲ. ಆದರೆ ತೊಡೆಯ ಜೊತೆ 130 ಗ್ರಾಂ ಕೊಬ್ಬು, ಅಂದರೆ ಸಾವಿರ ಚಿಲ್ಲರೆ ಕ್ಯಾಲೊರಿ ಕೂಡ ಮನೆಗೆ ಬಂತು. ಲೋ-ಕಾರ್ಬ್ ಮಾಡುವವರಿಗೆ ತೊಡೆ ಗೆಲ್ಲುವುದು ಇಲ್ಲಿ. ಮೊಟ್ಟೆಯನ್ನೂ ಇದೇ ತಕ್ಕಡಿಯಲ್ಲಿಡಿ: ಚಿಪ್ಪು ಕಳೆದು ಒಂದು ಕಿಲೋ ಮೊಟ್ಟೆಯಲ್ಲಿ ಸಿಗುವುದು ಸುಮಾರು 110 ಗ್ರಾಂ ಪ್ರೋಟೀನ್. ಬಹಳ ಕಡೆ ಈ ಲೆಕ್ಕದಲ್ಲಿ ಮೊಟ್ಟೆಯೇ ಮುಂದಿರುತ್ತದೆ. ಬೆಳಗಿನ ಊಟ ಮೊಟ್ಟೆಯದ್ದಾದರೆ ಮಾಂಸವನ್ನು ಒಂದೇ ಹೊತ್ತಿಗೆ ಇಡಬಹುದು.

ಯಾವ ಭಾಗ ಕೇಳಬೇಕು

ಪ್ರಾಣಿ ಹೆಚ್ಚು ಬಳಸುವ ಸ್ನಾಯು ಗಟ್ಟಿ, ಬಳಸದ ಸ್ನಾಯು ಮೆದು. ಬೆನ್ನೆಲುಬಿನ ಒಳಗಡೆ ಇರುವ ಟೆಂಡರ್‌ಲಾಯಿನ್ ದನದ ಒಟ್ಟು ಮಾಂಸದಲ್ಲಿ ಶೇ. 2ರ ಆಸುಪಾಸು ಮಾತ್ರ. ಎಲ್ಲರೂ ಅದನ್ನೇ ಕೇಳುವುದರಿಂದ ಬೆಲೆ ಏರುತ್ತದೆ. ಭುಜ, ಕುತ್ತಿಗೆ, ಮೊಣಕಾಲು, ಬಾಲ, ಕೆನ್ನೆ ಇವುಗಳಲ್ಲಿ ಸ್ನಾಯುವನ್ನು ಬಿಗಿದಿಡುವ ಕೊಲಾಜೆನ್ ಎಂಬ ಪ್ರೋಟೀನ್ ಹೆಚ್ಚು. ಹಸಿಯಿದ್ದಾಗ ಅದು ರಬ್ಬರಿನಂತೆ. ನಿಧಾನವಾಗಿ ಬೆಂದರೆ ಜೆಲಟಿನ್ ಆಗಿ ಕರಗಿ, ತುಂಡಿಗೆ ಜಿಗುಟಾದ ಮೆದುತನ ಕೊಡುತ್ತದೆ. ಟೆಂಡರ್‌ಲಾಯಿನ್‌ಗೆ ಈ ರುಚಿ ಯಾವ ಜನ್ಮಕ್ಕೂ ಬರುವುದಿಲ್ಲ.

ಲಿವರ್, ಗುಂಡಿಗೆ, ಗಿಜರ್ಡ್ (ಕೋಳಿಯ ಗಟ್ಟಿ ಜಠರ) ಬಹುತೇಕ ಅಂಗಡಿಗಳಲ್ಲಿ ಅತ್ಯಂತ ಅಗ್ಗ. ಎಲುಬಿಲ್ಲ, ವ್ಯರ್ಥವಿಲ್ಲ, ಪ್ರೋಟೀನ್ 100 ಗ್ರಾಂಗೆ 17ರಿಂದ 20 ಗ್ರಾಂ. ಲಿವರ್‌ನಲ್ಲಿ ಚೂರು ಕಾರ್ಬ್ ಇದೆ ಎಂಬುದು ನೆನಪಿರಲಿ: ದನದ ಲಿವರ್‌ನಲ್ಲಿ 100 ಗ್ರಾಂಗೆ ಸುಮಾರು 4 ಗ್ರಾಂ, ಕೋಳಿಯದರಲ್ಲಿ ಒಂದು ಗ್ರಾಂಗೂ ಕಡಿಮೆ. ಆದರೆ ಅಗ್ಗ ಎಂದು ದಿನಾ ತಿನ್ನುವ ವಸ್ತು ಅಲ್ಲ. 100 ಗ್ರಾಂ ದನದ ಲಿವರ್‌ನಲ್ಲಿ ಸುಮಾರು 5000 ಮೈಕ್ರೊಗ್ರಾಂ ವಿಟಮಿನ್ ಎ ಇದೆ. ವಯಸ್ಕರಿಗೆ ದಿನದ ಗರಿಷ್ಠ ಮಿತಿ 3000. ವಾರಕ್ಕೊಮ್ಮೆ 100 ಗ್ರಾಂ ಸಾಕು. ಗರ್ಭಿಣಿಯರು ಲಿವರ್ ಮುಟ್ಟದಿರುವುದು ಒಳ್ಳೆಯದು. ಹೆಚ್ಚಾದ ವಿಟಮಿನ್ ಎ ಭ್ರೂಣಕ್ಕೆ ಹಾನಿಕರ. ಗೌಟ್ ಇರುವವರಿಗೆ ಅಂಗಾಂಗ ಮಾಂಸವೂ ಸಾರ್ಡೀನ್‌ನಂಥ ಮೀನೂ ನೋವು ಕೆರಳಿಸುತ್ತವೆ. ಗುಂಡಿಗೆಗೆ ವಿಟಮಿನ್ ಎ ತಕರಾರು ಇಲ್ಲ, ರುಚಿಯೂ ಸ್ನಾಯು ಮಾಂಸಕ್ಕೆ ಹತ್ತಿರ. ಅಂಗಾಂಗ ಮಾಂಸ ಹೊಸದಾಗಿ ಶುರು ಮಾಡುವವರು ಅಲ್ಲಿಂದ ಹೊರಡಲಿ.

ಸಣ್ಣ ಎಣ್ಣೆಮೀನುಗಳೂ ಈ ಪಟ್ಟಿಗೇ ಸೇರಿದವು. ಡಬ್ಬಿ ಸಾರ್ಡೀನ್ ಕೊಳ್ಳುವುದಾದರೆ ನೀರು ಇಲ್ಲವೇ ಎಣ್ಣೆಯಲ್ಲಿರುವುದನ್ನು ಆರಿಸಿ, ಸಾಸ್‌ನಲ್ಲಿರುವುದರಲ್ಲಿ ಸಕ್ಕರೆ ಇರುತ್ತದೆ.

ಗುಣಮಟ್ಟ: ಎಲ್ಲಿ ಹಣ ಹಾಕಬೇಕು, ಎಲ್ಲಿ ಬೇಡ

ಮಾಂಸ ಕೆಂಪಗಿದ್ದರೆ ತಾಜಾ, ಕಂದಾಗಿದ್ದರೆ ಹಳತು ಎಂಬ ನಂಬಿಕೆ ಅರ್ಧ ಸತ್ಯ. ಕತ್ತರಿಸಿದ ಕೂಡಲೇ ಕೆಂಪು ಮಾಂಸ ನೇರಳೆ ಛಾಯೆಯಲ್ಲಿರುತ್ತದೆ. ಗಾಳಿ ತಾಗಿ ಕೆಂಪಾಗುತ್ತದೆ, ದಿನ ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಈ ಮೂರೂ ಬಣ್ಣ ಮಯೊಗ್ಲೋಬಿನ್ ಎಂಬ ಒಂದೇ ವರ್ಣದ್ರವ್ಯದ್ದು. ಪೊಟ್ಟಣದ ಕೆಂಪು ನೀರು ಕೂಡ ಅದೇ, ರಕ್ತವಲ್ಲ. ತಿರಸ್ಕರಿಸಲು ಕಾರಣವಾಗಬೇಕಾದ್ದು ಮೇಲ್ಮೈಯ ಲೋಳೆ, ಹುಳಿ ಅಥವಾ ಕೊಳೆತ ವಾಸನೆ, ಬೆರಳಿಗೆ ಅಂಟುವ ಜಿಗುಟು. ವ್ಯಾಕ್ಯೂಮ್ ಪ್ಯಾಕ್ ತೆರೆದಾಗ ಬರುವ ಲಘು ಹುಳಿ ವಾಸನೆ ಹತ್ತು ಹದಿನೈದು ನಿಮಿಷದಲ್ಲಿ ಹೋದರೆ ಚಿಂತೆಯಿಲ್ಲ, ಹೋಗದಿದ್ದರೆ ಎಸೆಯಿರಿ. ಅವಧಿ ಮುಗಿಯುವ ದಿನ ಹತ್ತಿರ ಬಂದು ಬೆಲೆ ಇಳಿಸಿದ ಪೊಟ್ಟಣಗಳನ್ನು ಹೀಗೆ ನೋಡಿ ಕೊಂಡು ಅಂದೇ ಬೇಯಿಸಿದರೆ ಅಥವಾ ಅಂದೇ ಫ್ರೀಜರ್‌ಗೆ ಹಾಕಿದರೆ ಒಳ್ಳೆಯ ಉಳಿತಾಯ. ಖೀಮಾ, ಲಿವರ್ ಮಾತ್ರ ಇಂಥ ರಿಯಾಯಿತಿಯಲ್ಲಿ ಬೇಡ. ಅವು ಕೆಡುವ ವೇಗವೇ ಬೇರೆ.

ಮೋಸ ನಡೆಯುವುದು ಹೆಚ್ಚಾಗಿ ನೀರಿನಲ್ಲಿ. ಕೆಲವು ಪ್ಯಾಕ್ ಮಾಡಿದ ಕೋಳಿಗೆ ಉಪ್ಪುನೀರು, ಫಾಸ್ಫೇಟ್ ಚುಚ್ಚಿರುತ್ತಾರೆ. ತೂಕ ಶೇ. 10–15ರಷ್ಟು ಏರುತ್ತದೆ, ಮಾಂಸದ ಬೆಲೆಗೆ ನೀರು ಕೊಂಡಂತಾಗುತ್ತದೆ. ಬರೀ ಮಾಂಸ ಎಂದ ಮೇಲೆ ಪದಾರ್ಥಗಳ ಪಟ್ಟಿಯಲ್ಲಿ ಇನ್ನೇನೂ ಇರಬಾರದು. ಬಿಸಿ ಬಾಣಲೆಗೆ ಹಾಕಿದ ಎರಡು ನಿಮಿಷದಲ್ಲಿ ತುಂಡು ತನ್ನದೇ ನೀರಿನಲ್ಲಿ ತೇಲತೊಡಗಿದರೆ, ಬಾಣಲೆ ತುಂಬಿ ತುಳುಕಿರಲಿಲ್ಲ ಎಂದಾದರೆ, ಅನುಮಾನ ಸರಿ.

ಸಾಸೇಜ್, ನಗೆಟ್, ಸಿದ್ಧ ಪ್ಯಾಟಿಗಳು ಅಗ್ಗ ಕಂಡರೂ ಅದರಲ್ಲಿ ಪಿಷ್ಟ, ಹಿಟ್ಟು, ಸಕ್ಕರೆ ಇರುತ್ತದೆ. ಔಷಧಿ ಅಂಗಡಿಯ ಅಯೋಡಿನ್ ದ್ರಾವಣದ ಒಂದು ಹನಿಯನ್ನು ಸಣ್ಣ ಚೂರಿನ ಮೇಲೆ ಬಿಟ್ಟು ನೋಡಿ. ಕಡುನೀಲಿಗೆ ತಿರುಗಿದರೆ ಪಿಷ್ಟ ಬೆರೆತಿದೆ (ಆ ಚೂರನ್ನು ಎಸೆಯಿರಿ). ಕಾರ್ಬ್ ಇಲ್ಲದ ಬೇಕನ್, ಹ್ಯಾಮ್ ಕೂಡ ದಿನನಿತ್ಯಕ್ಕಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2015ರಲ್ಲಿ ಸಂಸ್ಕರಿತ ಮಾಂಸವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡಕರುಳಿನ ಕ್ಯಾನ್ಸರ್ ಅಪಾಯ ಸುಮಾರು ಶೇ. 18ರಷ್ಟು ಹೆಚ್ಚುತ್ತದೆ ಎಂಬುದು ಅದರ ಅಂದಾಜು.

ಹುಲ್ಲು ಮೇಯಿಸಿದ ಪ್ರಾಣಿಯ ಮಾಂಸಕ್ಕೆ ಹೆಚ್ಚು ಕೊಡಬೇಕೇ? ಅದರಲ್ಲಿ ಒಮೆಗಾ-3 ಹೆಚ್ಚಿರುವುದು ನಿಜ, ಆದರೆ ಒಟ್ಟು ಪ್ರಮಾಣವೇ ಅತ್ಯಲ್ಪ. 100 ಗ್ರಾಂ ಸಾರ್ಡೀನ್ ಕೊಡುವಷ್ಟು ಒಮೆಗಾ-3 ಯಾವ ಹುಲ್ಲುಗಾವಲಿನ ಮಾಂಸದಿಂದಲೂ ಬಾರದು. ಪ್ರಾಣಿಯನ್ನು ಸಾಕಿದ ರೀತಿ ನಿಮಗೆ ಮುಖ್ಯವಾದರೆ ಆ ಹಣ ಕೊಡಿ, ಅದು ಗೌರವದ ಕಾರಣ. ಪೋಷಣೆಯ ಹೆಸರಿನಲ್ಲಿ ಮಾತ್ರ ಬೇಡ.

ಕಡಿದ ಕೂಡಲೇ ತಂದ ಮಾಂಸ ಯಾಕೆ ಗಟ್ಟಿ

ಕಣ್ಣೆದುರೇ ಕಡಿಸಿ ತಂದರೆ ಉತ್ತಮ ಎಂದುಕೊಳ್ಳುವವರಿಗೆ ಇದು ಬೇಕಾದ ಮಾತು. ಪ್ರಾಣಿ ಸತ್ತ ಮೇಲೆ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಕೋಳಿಯಲ್ಲಿ ಇದು ಕೆಲವೇ ಗಂಟೆಗಳ ಮಾತು, ಕುರಿ ಮೇಕೆಗಳಲ್ಲಿ ಅರ್ಧ ದಿನದಿಂದ ಒಂದು ದಿನ, ದನದಲ್ಲಿ ಅದಕ್ಕೂ ಹೆಚ್ಚು. ಸೆಟೆದಿರುವಾಗ ಬೇಯಿಸಿದ ತುಂಡು ಎಷ್ಟು ಬೇಯಿಸಿದರೂ ಬಿಗಿಯಾಗಿಯೇ ಉಳಿಯುತ್ತದೆ. ಸೆಟೆಯುವ ಮೊದಲೇ ಎಲುಬಿನಿಂದ ಬಿಡಿಸಿದರೆ ಹಿಡಿದಿಡಲು ಏನೂ ಇಲ್ಲದೆ ಸ್ನಾಯು ಗಿಡ್ಡವಾಗಿ ಮುದುಡುತ್ತದೆ. ಇನ್ನೂ ಕೆಟ್ಟದ್ದು ಬಿಸಿ ಆರುವ ಮುನ್ನವೇ ಫ್ರೀಜರ್‌ಗೆ ತುರುಕುವುದು. ಕರಗಿಸುವಾಗ ಸ್ನಾಯು ಒಮ್ಮೆಲೇ ಕುಗ್ಗಿ ನೀರೆಲ್ಲ ಹೊರಹಾಕಿ ಚಪ್ಪಲಿಯಂತಾಗುತ್ತದೆ.

ಆದ್ದರಿಂದ ಕೋಳಿಯನ್ನು ಇಡಿಯಾಗಿಯೇ ತಂದು ಫ್ರಿಜ್‌ನಲ್ಲಿ ಒಂದು ರಾತ್ರಿ ಇಟ್ಟು ಮರುದಿನ ಕತ್ತರಿಸಿ. ಕುರಿ, ಮೇಕೆಯ ಮಾಂಸವನ್ನು ಎಲುಬಿನ ಸಮೇತ ದೊಡ್ಡ ತುಂಡುಗಳಾಗಿ ತಂದು 24 ಗಂಟೆ ಫ್ರಿಜ್‌ನಲ್ಲಿಡಿ. ನೇತುಹಾಕಿ ತಣಿಸಿದ ಮಾಂಸ ಮಾರುವವರು ಸಿಕ್ಕರೆ ಇನ್ನೂ ವಾಸಿ. ಹೊರಗೆ ಮಾತ್ರ ಇಡಬೇಡಿ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುತ್ತವೆ. ಎರಡು ಗಂಟೆ ಮಿತಿ, ಸೆಖೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ.

ಇಡೀ ಕೋಳಿಯನ್ನು ಬಿಡಿಸುವುದು

ಈ ಒಂದು ಕೆಲಸ ಕಲಿತರೆ ಉಳಿತಾಯದ ದೊಡ್ಡ ಪಾಲು ಕೈಗೆ ಬಂದ ಹಾಗೆ. ಬೇಕಾದ್ದು 15 ಸೆಂ.ಮೀ. ಅಲಗಿನ ಹರಿತವಾದ ಚಾಕು, ಜಾರದ ಹಲಗೆ, ಫ್ರಿಜ್‌ನಿಂದ ನೇರ ತೆಗೆದ ತಣ್ಣನೆ ಕೋಳಿ. ನಲ್ಲಿಯ ಕೆಳಗೆ ತೊಳೆಯಬೇಡಿ, ಹನಿ ಸಿಡಿದು ಅಡುಗೆಮನೆಯೆಲ್ಲ ಬ್ಯಾಕ್ಟೀರಿಯಾ ಹರಡುತ್ತವೆ. ಕಾಗದದಿಂದ ಒತ್ತಿ ಒರೆಸಿದರೆ ಸಾಕು. ಒದ್ದೆ ಕೋಳಿ ಕೈಯಿಂದ ಜಾರುತ್ತದೆ ಕೂಡ.

ಎದೆ ಮೇಲಾಗಿ ಇಟ್ಟುಕೊಂಡು ಒಂದು ಕಾಲನ್ನು ಹೊರಕ್ಕೆ ಎಳೆಯಿರಿ. ಎದೆಗೂ ತೊಡೆಗೂ ನಡುವೆ ಬಿಗಿಯಾಗುವ ಚರ್ಮವನ್ನಷ್ಟೇ ಸೀಳಿ, ಮಾಂಸಕ್ಕೆ ಚಾಕು ತಾಗದಿರಲಿ. ಈಗ ಚಾಕು ಕೆಳಗಿಟ್ಟು ಕಾಲನ್ನು ಹಿಂದಕ್ಕೆ, ಹಲಗೆಯತ್ತ ಮಡಚಿ. ‘ಟಕ್’ ಎಂದು ಕೀಲು ಕಳಚಿ ಗೋಲಿಯಂಥ ಬಿಳಿ ತುದಿ ಹೊರಗಿಣುಕುತ್ತದೆ. ಕೋಳಿಯನ್ನು ಮಗ್ಗುಲಾಗಿಸಿ. ಬೆನ್ನೆಲುಬಿನ ಪಕ್ಕದ ಗುಳಿಯಲ್ಲಿ ನಾಣ್ಯದಗಲದ ದುಂಡು ಮಾಂಸ ಇರುತ್ತದೆ, ಇಡೀ ಕೋಳಿಯಲ್ಲೇ ಅತಿ ರುಚಿಯಾದ ತುಣುಕು ಅದು. ಚಾಕುವಿನ ತುದಿಯಿಂದ ಅದನ್ನು ಸುತ್ತಿ ಬಿಡಿಸಿ ತೊಡೆಯ ಜೊತೆಗೇ ಬರುವಂತೆ ಮಾಡಿ, ಕೀಲಿನ ಸಂದಿಯಲ್ಲಿ ಕತ್ತರಿಸಿ. ಚಾಕು ಗಟ್ಟಿ ಎಲುಬಿಗೆ ತಗುಲಿದರೆ ಕೀಲು ತಪ್ಪಿದೆ ಎಂದರ್ಥ. ಒಂದೆರಡು ಮಿಲಿಮೀಟರ್ ಆಚೀಚೆ ಸರಿಸಿ ನೋಡಿ, ಬಲ ಹಾಕಿ ಕುಟ್ಟಬೇಡಿ. ಎಲುಬಿನ ಚೂರು ಮಾಂಸದಲ್ಲಿ ಸೇರುವುದು ಹಾಗೆ ಕುಟ್ಟಿದಾಗಲೇ.

ತೊಡೆಯನ್ನೂ ಡ್ರಮ್‌ಸ್ಟಿಕ್ಕನ್ನೂ ಬೇರ್ಪಡಿಸಲು ಕಾಲನ್ನು ಚರ್ಮ ಕೆಳಗಾಗಿ ಇಡಿ. ಎರಡರ ನಡುವೆ ಕೊಬ್ಬಿನ ತೆಳು ಬಿಳಿ ಗೆರೆ ಕಾಣುತ್ತದೆ. ಕೀಲು ಅದರಡಿಯಲ್ಲೇ ಇದೆ. ಆ ಗೆರೆಯಿಂದ ಕೂದಲೆಳೆಯಷ್ಟು ಡ್ರಮ್‌ಸ್ಟಿಕ್ ಕಡೆಗೆ ಒತ್ತಿದರೆ ಚಾಕು ಬೆಣ್ಣೆಯಲ್ಲಿ ಇಳಿದಷ್ಟು ಸಲೀಸಾಗಿ ಹೋಗುತ್ತದೆ. ರೆಕ್ಕೆಯನ್ನು ತಿರುಗಿಸಿ ಬೆರಳಲ್ಲಿ ಕೀಲು ಹುಡುಕಿ ತೆಗೆಯಿರಿ. ಎದೆಗೆ ಮೊದಲು ಕುತ್ತಿಗೆಯ ಬಳಿಯ ಕವಲೆಲುಬನ್ನು ಕೆರೆದು ಎಳೆದುಬಿಡಿ, ಇಲ್ಲವಾದರೆ ಪ್ರತಿ ಬೀಸಿಗೂ ಅದು ಅಡ್ಡ ಬರುತ್ತದೆ. ನಂತರ ನಡುವಿನ ಎತ್ತರದ ಎಲುಬಿನ ಒಂದು ಪಕ್ಕಕ್ಕೆ ಚಾಕು ಇಳಿಸಿ, ಅಲಗನ್ನು ಪಕ್ಕೆಲುಬಿಗೆ ಒರಗಿಸಿಕೊಂಡು ಸಣ್ಣ ಸಣ್ಣ ಎಳೆತದಲ್ಲಿ ಮಾಂಸವನ್ನು ಸುಲಿಯುತ್ತ ಬನ್ನಿ.

ಒಂದೂವರೆ ಕಿಲೋ ಕೋಳಿಯಿಂದ ಕಾಲುಗಳು 450ರಿಂದ 500 ಗ್ರಾಂ, ಬೋನ್‌ಲೆಸ್ ಎದೆ 350ರಿಂದ 400, ರೆಕ್ಕೆ 150ರಷ್ಟು ಸಿಗುತ್ತದೆ. ಉಳಿದ 400 ಚಿಲ್ಲರೆ ಗ್ರಾಂ ಗೂಡು ಸಾರಿಗೆ. ಬಾಲದ ಬಳಿಯ, ಕುತ್ತಿಗೆಯ ಹಳದಿ ಕೊಬ್ಬನ್ನು, ಹೆಚ್ಚುವರಿ ಚರ್ಮವನ್ನು ಬೇರೆ ಡಬ್ಬಿಗೆ ಹಾಕಿ.

ಗಟ್ಟಿ ತುಂಡು ಮೆದುವಾಗಲು

ಹಿಂದಿನ ರಾತ್ರಿಯೇ ಉಪ್ಪು ಸವರಿಡಿ: ಕಿಲೋ ಮಾಂಸಕ್ಕೆ 10ರಿಂದ 12 ಗ್ರಾಂ. ಉಪ್ಪು ಒಳಗಿಳಿದು ಸ್ನಾಯು ತನ್ನ ನೀರನ್ನು ಹಿಡಿದುಕೊಳ್ಳುವಂತೆ ಮಾಡುತ್ತದೆ. ಮರುದಿನ 5 ಸೆಂ.ಮೀ. ತುಂಡುಗಳ ಮೇಲ್ಮೈ ಒರೆಸಿ, ಕೊಬ್ಬಿನಲ್ಲಿ ನಾಲ್ಕೈದು ತುಂಡಿನಂತೆ ಸರದಿಯಲ್ಲಿ ಹುರಿದು ಕಂದಾಗಿಸಿ. ಎಲ್ಲವನ್ನೂ ಒಮ್ಮೆಲೇ ಸುರಿದರೆ ನೀರು ಬಿಟ್ಟು ಬೇಯುತ್ತದೆ. ನೀರಿರುವವರೆಗೆ ಬಾಣಲೆ 100 ಡಿಗ್ರಿ ದಾಟದು, ಕಂದು ಬಣ್ಣಕ್ಕೆ 140 ಬೇಕು.

ಮಾಂಸದ ಅರ್ಧ ಎತ್ತರಕ್ಕೆ ನೀರೋ ಸಾರೋ ಹಾಕಿ, ಮುಚ್ಚಿ, ಆಗೊಂದು ಈಗೊಂದು ಗುಳ್ಳೆ ಏಳುವಷ್ಟು ಸಣ್ಣ ಉರಿಯಲ್ಲಿ ಎರಡೂವರೆಯಿಂದ ಮೂರೂವರೆ ಗಂಟೆ. ಗ್ಯಾಸ್ ಖರ್ಚು ನೋಡುವವರಿಗೆ ಕುಕ್ಕರ್ ಇದೆ: ಅದರೊಳಗೆ ಉಷ್ಣತೆ 120 ಡಿಗ್ರಿ ಹತ್ತಿರ ಹೋಗುವುದರಿಂದ ಒತ್ತಡ ಬಂದ ಮೇಲೆ ಸಣ್ಣ ಉರಿಯಲ್ಲಿ 35ರಿಂದ 45 ನಿಮಿಷ ಸಾಕು. ಆಮೇಲೆ ತಾನಾಗಿ ಒತ್ತಡ ಇಳಿಯಲು ಬಿಡಿ. ವೆಯ್ಟ್ ಎತ್ತಿ ಹಬೆ ಬಿಟ್ಟರೆ ಒಳಗಿನ ರಸ ಒಮ್ಮೆಲೇ ಕುದಿದು ಮಾಂಸದ ನಾರು ಒಣಗುತ್ತದೆ.

ಎಡವುವುದು ಸಾಮಾನ್ಯವಾಗಿ ನಡುವೆ ಮುಚ್ಚಳ ತೆಗೆದಾಗ. ಪಾತ್ರೆಯಲ್ಲಿ ಒಂದು ಗಂಟೆ ಬೆಂದ ಭುಜದ ತುಂಡು ಹಸಿಗಿಂತಲೂ ಗಟ್ಟಿಯಾಗಿರುತ್ತದೆ. 60 ಡಿಗ್ರಿ ದಾಟಿದಾಗ ಕೊಲಾಜೆನ್ ಮೊದಲು ಬಿಗಿದು ನೀರು ಹಿಂಡುತ್ತದೆ, ಕರಗುವುದು 70–80 ದಾಟಿ ಗಂಟೆಗಟ್ಟಲೆ ನಿಂತ ಮೇಲೆ. ‘ಬೆಂದು ಬೆಂದು ಗಟ್ಟಿಯಾಯಿತು’ ಎಂದು ಇಳಿಸಿಬಿಡುತ್ತಾರೆ. ನಿಜಕ್ಕೂ ಅದಿನ್ನೂ ಬೆಂದೇ ಇಲ್ಲ. ಫೋರ್ಕ್ ಚುಚ್ಚಿ ತಿರುಗಿಸಿ. ತುಂಡು ತಾನಾಗಿ ಬಿಚ್ಚಿಕೊಳ್ಳಬೇಕು, ಅಲ್ಲಿಯವರೆಗೆ ಮುಂದುವರಿಸಿ. ಕೊಬ್ಬಿಲ್ಲದ ಎದೆಗೆ ಮಾತ್ರ ಈ ಸೂತ್ರ ಹಾಕಬೇಡಿ. ಅದರಲ್ಲಿ ಕರಗಲು ಕೊಲಾಜೆನ್ನೇ ಇಲ್ಲ, 74 ಡಿಗ್ರಿ ಮುಟ್ಟಿದ ಕೂಡಲೇ ಇಳಿಸಬೇಕು.

ಗ್ರೇವಿ ದಪ್ಪವಾಗಲು ಹಿಟ್ಟು ಬೇಡ. ಮುಚ್ಚಳ ತೆಗೆದು ಇಂಗಿಸಿದರೆ ಜೆಲಟಿನ್ನೇ ದಪ್ಪ ಕೊಡುತ್ತದೆ. ಈರುಳ್ಳಿಯ ಲೆಕ್ಕ ತಪ್ಪಿಸಬೇಡಿ. 100 ಗ್ರಾಂಗೆ 9 ಗ್ರಾಂನಷ್ಟು ಕಾರ್ಬ್. ಕಾಲು ಕಿಲೋ ಅರೆದು ಹಾಕಿದರೆ ಪಾತ್ರೆಗೆ 20 ಗ್ರಾಂ ಮೀರಿ ಬಿತ್ತು.

ಗಟ್ಟಿ ತುಂಡನ್ನು ಬೇಗ ಬೇಯಿಸಲೇಬೇಕಾದರೆ ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟು ಬಿಗಿ ಮಾಡಿ, ನಾರಿಗೆ ಅಡ್ಡಲಾಗಿ 3–4 ಮಿ.ಮೀ. ಹೋಳು ಮಾಡಿ. ಅರ್ಧ ಕಿಲೋಗೆ ಮುಕ್ಕಾಲು ಟೀಚಮಚ ಅಡುಗೆ ಸೋಡ ಬೆರೆಸಿ 15–20 ನಿಮಿಷ ಬಿಟ್ಟು, ಬಟ್ಟಲಿನ ನೀರಿನಲ್ಲಿ ಅದ್ದಿ ಜಾಲಿಸಿ ಒರೆಸಿ, ದೊಡ್ಡ ಉರಿಯಲ್ಲಿ ಎರಡು ಮೂರು ನಿಮಿಷ ಬಾಡಿಸಿ. ಸೋಡ ಹೆಚ್ಚಾದರೆ ಅಥವಾ ಹೊತ್ತು ಮೀರಿದರೆ ಸೋಪಿನ ರುಚಿ.

ಖೀಮಾ

ಸಿದ್ಧ ಖೀಮಾದಲ್ಲಿ ಏನು ಸೇರಿದೆ ಎಂದು ತಿಳಿಯುವುದು ಕಷ್ಟ. ಭುಜ, ಕುತ್ತಿಗೆಯ ಮಾಂಸ ಆರಿಸಿ ಎದುರಿಗೇ ಅರೆಸಿ. ಕೊಬ್ಬು ಐದನೇ ಒಂದು ಭಾಗ ಇರಲಿ. ಹತ್ತನೇ ಒಂದು ಭಾಗ ಲಿವರ್ ಸೇರಿಸಿದರೆ ಗೊತ್ತಾಗುವುದಿಲ್ಲ, ಗುಂಡಿಗೆಯನ್ನು ಇನ್ನೂ ಹೆಚ್ಚು ಸೇರಿಸಬಹುದು. ಖರ್ಚು ಇನ್ನೂ ಇಳಿಸಬೇಕೆಂದರೆ ಸಣ್ಣಗೆ ಹೆಚ್ಚಿ ನೀರಿಂಗುವವರೆಗೆ ಹುರಿದ ಅಣಬೆಯನ್ನು ಮೂರನೇ ಒಂದು ಭಾಗದವರೆಗೆ ಬೆರೆಸಿ. ಪ್ಯಾಟಿಗೆ ಬ್ರೆಡ್ ಪುಡಿಯ ಬದಲು ಅರ್ಧ ಕಿಲೋಗೆ ಒಂದು ಮೊಟ್ಟೆ. ಉಪ್ಪನ್ನು ಕಲಸುವಾಗ ಹಾಕದೆ ಬಾಣಲೆಗೆ ಹಾಕುವ ಮುನ್ನ ಮೇಲೆ ಉದುರಿಸಿ. ಮೊದಲೇ ಹಾಕಿ ನಾದಿದರೆ ಪ್ಯಾಟಿ ಸಾಸೇಜ್‌ನಂತೆ ಪುಟಿಯುತ್ತದೆ. ಒಳಗೆ 71 ಡಿಗ್ರಿ ಆಗಲೇಬೇಕು. ಅರೆಯುವಾಗ ಮೇಲ್ಮೈಯ ಬ್ಯಾಕ್ಟೀರಿಯಾ ಒಳಗೆಲ್ಲ ಸೇರಿರುತ್ತವೆ.

ಕೊಬ್ಬು ಮತ್ತು ಎಲುಬು

ಕೂಡಿಟ್ಟ ಚರ್ಮ, ಕೊಬ್ಬನ್ನು ಸಣ್ಣಗೆ ಹೆಚ್ಚಿ, ತಳ ಮುಚ್ಚುವಷ್ಟು ನೀರು ಹಾಕಿ ಸಣ್ಣ ಉರಿಯಲ್ಲಿಡಿ. ಕೊಬ್ಬು ಕರಗತೊಡಗುವವರೆಗೆ ತಳ ಹತ್ತದಂತೆ ಕಾಯುವುದು ಆ ನೀರಿನ ಕೆಲಸ. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯಲ್ಲಿ ಚಟಪಟ ಸದ್ದು ನಿಲ್ಲುತ್ತದೆ. ನೀರೆಲ್ಲ ಹೋಯಿತು ಎಂಬ ಸೂಚನೆ. ಚೂರುಗಳು ಹೊಂಬಣ್ಣಕ್ಕೆ ಬಂದಾಗ ಸೋಸಿ. ನೀರಿನಂಶ ಉಳಿದರೆ ಬೇಗ ಕಮಟುತ್ತದೆ. ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ. ಗರಿಗರಿ ಚೂರುಗಳಿಗೆ ಉಪ್ಪು ಉದುರಿಸಿದರೆ ಸೊಗಸಾದ ತಿಂಡಿ. ರಕ್ತದಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಹೆಚ್ಚಿರುವವರು ಈ ಕೊಬ್ಬಿನ ಬಳಕೆಗೆ ಮಿತಿ ಹಾಕಿಕೊಂಡು, ಪರೀಕ್ಷೆ ಮಾಡಿಸುತ್ತಿರಬೇಕು.

ಎಲುಬಿನ ಸಾರಿಗೆ ಕೋಳಿ ಗೂಡಾದರೆ ಮೂರು ನಾಲ್ಕು ಗಂಟೆ, ದೊಡ್ಡ ಎಲುಬಾದರೆ ಎಂಟರಿಂದ ಹನ್ನೆರಡು. ಕುಕ್ಕರಿನಲ್ಲಿ ಒಂದರಿಂದ ಒಂದೂವರೆ ಗಂಟೆ. ಫ್ರಿಜ್‌ನಲ್ಲಿ ತಣಿದಾಗ ಜೆಲ್ಲಿಯಾದರೆ ಚೆನ್ನಾಗಿ ಬಂದಿದೆ. ಆಗದಿದ್ದರೆ ನೀರು ಹೆಚ್ಚಾಗಿದೆ, ಇಂಗಿಸಿ. ಈ ಸಾರಿನ ಬಗ್ಗೆ ಹಬ್ಬಿರುವ ಪವಾಡದ ಮಾತುಗಳನ್ನು ನಂಬಬೇಕಿಲ್ಲ. ಕ್ಯಾಲ್ಸಿಯಂ ಅದರಲ್ಲಿ ಅಲ್ಪ, ಜೆಲಟಿನ್‌ನಲ್ಲಿ ದೇಹಕ್ಕೆ ಬೇಕೇಬೇಕಾದ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲ ಇಲ್ಲ, ಹಾಗಾಗಿ ದಿನದ ಪ್ರೋಟೀನ್ ಲೆಕ್ಕಕ್ಕೆ ಸೇರಿಸಬೇಡಿ. ಅದು ರುಚಿಗೆ, ಗ್ರೇವಿಯ ಮೈಗೆ. ಕಾರ್ಬ್ ಇಳಿಸಿದ ಮೊದಲ ವಾರದಲ್ಲಿ ದೇಹ ನೀರು, ಸೋಡಿಯಂ ಹೆಚ್ಚು ಹೊರಹಾಕುತ್ತದೆ. ಆಗ ತಲೆ ಸುತ್ತಿದರೆ ಉಪ್ಪು ಹಾಕಿದ ಒಂದು ಲೋಟ ಸಾರು ಉಪಯೋಗಕ್ಕೆ ಬರುತ್ತದೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಇದನ್ನೂ ಕೇಳಿ ಮಾಡಲಿ.

ಕೂಡಿಡುವುದು, ಕರಗಿಸುವುದು

ಬೆಲೆ ಇಳಿದಾಗ ಹೆಚ್ಚು ಕೊಂಡಿಡುವ ಲಾಭ ಫ್ರೀಜರ್ ಸರಿಯಾಗಿ ಬಳಸಿದರೆ ಮಾತ್ರ. ಫ್ರಿಜ್ 4 ಡಿಗ್ರಿ ಅಥವಾ ಕೆಳಗೆ, ಫ್ರೀಜರ್ ಮೈನಸ್ 18. ಹಸಿ ಕೋಳಿ, ಖೀಮಾ, ಲಿವರ್ ಫ್ರಿಜ್‌ನಲ್ಲಿ ಒಂದೆರಡು ದಿನ, ದೊಡ್ಡ ಕೆಂಪು ಮಾಂಸದ ತುಂಡು ಮೂರರಿಂದ ಐದು, ಬೇಯಿಸಿದ್ದು ಮೂರು ನಾಲ್ಕು ದಿನ. ಫ್ರೀಜರ್‌ನಲ್ಲಿ ಖೀಮಾ ಮೂರು ನಾಲ್ಕು ತಿಂಗಳು, ಕೋಳಿ ತುಂಡು ಒಂಬತ್ತು ತಿಂಗಳವರೆಗೆ ರುಚಿ ಕೆಡದೆ ಉಳಿಯುತ್ತದೆ.

ಒಂದು ಹೊತ್ತಿನ ಅಳತೆಗೆ, 300ರಿಂದ 500 ಗ್ರಾಂ, ಚೀಲಕ್ಕೆ ಹಾಕಿ ಎರಡು ಮೂರು ಸೆಂ.ಮೀ. ದಪ್ಪಕ್ಕೆ ಚಪ್ಪಟೆಯಾಗಿ ಒತ್ತಿ. ಬೇಗ ಹೆಪ್ಪುಗಟ್ಟಿದಷ್ಟೂ ಮಂಜಿನ ಹರಳು ಸಣ್ಣದಾಗುತ್ತದೆ, ಕರಗಿಸುವಾಗ ಸೋರುವ ರಸವೂ ಕಡಿಮೆ. ಗಾಳಿ ಪೂರ್ತಿ ತೆಗೆಯಲು ಚೀಲದ ಬಾಯಿ ಚೂರೇ ತೆರೆದಿಟ್ಟು ನೀರು ತುಂಬಿದ ಪಾತ್ರೆಯಲ್ಲಿ ಬಾಯಿಯ ಅಂಚಿನವರೆಗೆ ಇಳಿಸಿ, ನೀರಿನ ಒತ್ತಡವೇ ಗಾಳಿಯನ್ನು ಹೊರದೂಡುತ್ತದೆ. ಗಾಳಿ ಉಳಿದ ಕಡೆ ತೇವ ಹಾರಿಹೋಗಿ ಬೂದುಬಣ್ಣದ ಒಣ ಕಲೆ ಬೀಳುತ್ತದೆ. ತಿಂದರೆ ಅಪಾಯವಿಲ್ಲ, ರುಚಿ ಕಾಗದದ್ದು. ಚೀಲದ ಮೇಲೆ ಭಾಗದ ಹೆಸರು, ತೂಕ, ದಿನಾಂಕ ಬರೆಯಿರಿ. ಹೆಪ್ಪುಗಟ್ಟಿದ ಮೇಲೆ ಕುತ್ತಿಗೆ ಯಾವುದು ತೊಡೆ ಯಾವುದು ಯಾರಿಗೂ ತಿಳಿಯದು.

ಕರಗಿಸಲು ಹಿಂದಿನ ರಾತ್ರಿ ಫ್ರಿಜ್‌ನ ಕೆಳಗಿನ ತಟ್ಟೆಗೆ ಇಳಿಸಿ, ಕೆಳಗೊಂದು ಬಟ್ಟಲು ಇಟ್ಟು. ಮರೆತಿದ್ದರೆ ನೀರು ನುಗ್ಗದ ಚೀಲದಲ್ಲಿ ತಣ್ಣೀರಿಗೆ ಹಾಕಿ ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಅರ್ಧ ಕಿಲೋ ಚಪ್ಪಟೆ ಚೀಲ ಒಂದು ಗಂಟೆಯೊಳಗೆ ಕರಗುತ್ತದೆ, ಹಾಗೆ ಕರಗಿಸಿದ್ದನ್ನು ಕೂಡಲೇ ಬೇಯಿಸಬೇಕು. ಫ್ರಿಜ್‌ನಲ್ಲೇ ಕರಗಿದ್ದನ್ನು ಬೇಡವೆನಿಸಿದರೆ ಮತ್ತೆ ಫ್ರೀಜರ್‌ಗೆ ಹಾಕಬಹುದು, ರಸ ಇನ್ನಷ್ಟು ಸೋರುತ್ತದೆ ಅಷ್ಟೇ. ತಣ್ಣೀರಿನಲ್ಲಿ ಕರಗಿಸಿದ್ದನ್ನು ಬೇಯಿಸದೆ ಮತ್ತೆ ಹಾಕುವಂತಿಲ್ಲ. ಅಡುಗೆ ಮನೆಯ ಕಟ್ಟೆಯ ಮೇಲೆ ಬಿಟ್ಟು ಕರಗಿಸಿದ್ದು ಎರಡು ಗಂಟೆ ದಾಟಿದ್ದರೆ ಬೆಲೆ ಎಷ್ಟೇ ಇರಲಿ, ಎಸೆಯಿರಿ.